ನನ್ನ ಗಂಟಲು, ಶಾಮನ ಚಪ್ಪಾಳೆ

ಪದ್ಮಕ್ಕನ ಧ್ವನಿ ಬರಲಿಲ್ಲ.

ಜಯನಗರ ಮೂರನೇ ಬ್ಲಾಕಿನ ಗಣೇಶನ ಪೆಂಡಾಲು. ಎದುರಿಗೆ ಜಮಖಾನೆಯ ತುಂಬ ಜನ. ನಾನು ಮೈಕಿನ ಮುಂದೆ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದೇನೆ. ಪದ್ಮಕ್ಕ ಎಂದರೆ ಬೀದಿ ನಲ್ಲಿಯ ಸಾಲಿನಲ್ಲಿ ಜಗಳವಾಡುವ ಹೆಂಗಸು. ನಾನೇ ಕಟ್ಟಿದ ಪಾತ್ರ; ಅರ್ಧ ನಮ್ಮ ಸೋದರತ್ತೆ, ಅರ್ಧ ಎದುರುಮನೆಯವರು. "ಏನ್ರೀ, ನಿಮ್ಮ ಕೊಡ ಮುಂದೆ ಹೆಂಗ್ ಬಂತು? ಅದಕ್ಕೇನ್ ಕಾಲು ಬಂತಾ?" ಎಂದು ಕೀರಲು ಧ್ವನಿಯಲ್ಲಿ ಕೇಳಬೇಕು. ಬಾಯಿ ತೆರೆದೆ. ಬಂದದ್ದು ಬರೀ ಗಾಳಿ, ಸೈಕಲ್ ಟ್ಯೂಬಿನ ವಾಲ್ವ್ ಕಿತ್ತಂತೆ.

ತಕ್ಷಣ ನಮ್ಮಪ್ಪನ ಧ್ವನಿಗೆ ಇಳಿದೆ. ಅದು ತಗ್ಗಿನದು, ಹೇಗೋ ಹೊರಟಿತು. ಜನರಿಗೆ ಗೊತ್ತಾಗಲಿಲ್ಲ. ಶಾಮನಿಗೆ ಗೊತ್ತಾಯಿತು. ಶಾಮ ನನ್ನ ಸ್ನೇಹಿತ. ವೇದಿಕೆಯ ಪಕ್ಕದಲ್ಲಿ ನಿಂತು ನನ್ನ ಹೆಸರು ಕೂಗುವವನು, ಬೇಕಾದ ಕಡೆ ನಾಯಿ, ರೈಲು, ಅಳುವ ಮಗು ಒದಗಿಸುವವನು.

"ಪದ್ಮಕ್ಕಂಗೆ ಏನಾಯ್ತೋ ನಾಣಿ?" ಎಂದ.

"ತವರಿಗೆ ಹೋದ್ಳು" ಎಂದೆ.

ಮೂರು ವಾರವಾದರೂ ವಾಪಸು ಬರಲಿಲ್ಲ.

ಅಮ್ಮ ಮೆಣಸಿನ ಕಷಾಯ ಕುಡಿಸಿದಳು. ಜ್ಯೇಷ್ಠಮಧು ಅಗಿದೆ. ನಿಲ್ಲಿಸುವುದೊಂದನ್ನು ಮಾತ್ರ ಮಾಡಲಿಲ್ಲ. ಹಗಲು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು, ಸಂಜೆ ಪ್ರೋಗ್ರಾಂ, ಬಚ್ಚಲಲ್ಲಿ ಪ್ರಾಕ್ಟೀಸು, ಬಸ್ಸಿನಲ್ಲಿ ಕಂಡಕ್ಟರನ ಸೀನು. ಇಪ್ಪತ್ತೆರಡು ವರ್ಷದವನಿಗೆ ವಿಶ್ರಾಂತಿ ಯಾಕೆ? ಅದು ಪ್ರತಿಭೆ ಇಲ್ಲದವರು ಮಾಡಿಕೊಂಡ ಏರ್ಪಾಡು ಎಂದು ನನ್ನ ಅಭಿಪ್ರಾಯವಾಗಿತ್ತು.

ಕೊನೆಗೆ ಅಪ್ಪ ಕಿವಿ ಹಿಡಿಯದೆ, ಆದರೆ ಹಾಗೇ ಅನ್ನಿಸುವಂತೆ, ದೊಡ್ಡಾಸ್ಪತ್ರೆಯ ಇಎನ್‌ಟಿ ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ಪುಟ್ಟ ಇನ್ನೊಂದು ಕನ್ನಡಿಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿದರು. ಬಟ್ಟೆಯಲ್ಲಿ ನನ್ನ ನಾಲಿಗೆ ಹಿಡಿದೆಳೆದು "ಈ... ಅನ್ನು" ಎಂದರು. ನಾನು ಅವರದೇ ಧ್ವನಿಯಲ್ಲಿ "ಈ..." ಎಂದೆ. ಕಾಂಪೌಂಡರು ನಕ್ಕ. ಡಾಕ್ಟರು ನಗಲಿಲ್ಲ.

"ವೋಕಲ್ ಕಾರ್ಡ್ ಮೇಲೆ ಎರಡು ಗಂಟು ಎದ್ದಿದೆ. ಸಿಂಗರ್ಸ್ ನೋಡ್ಯೂಲ್ ಅಂತೀವಿ."

"ನಾನು ಸಿಂಗರ್ ಅಲ್ವಲ್ಲ ಡಾಕ್ಟ್ರೇ."

"ಗಂಟಿಗೆ ಅದು ಗೊತ್ತಿಲ್ಲಪ್ಪ. ಆರು ವಾರ ಕಂಪ್ಲೀಟ್ ವಾಯ್ಸ್ ರೆಸ್ಟ್. ಮಾತಿಲ್ಲ. ಪಿಸುಮಾತೂ ಇಲ್ಲ, ಅದು ಇನ್ನೂ ಕೆಟ್ಟದ್ದು. ಕರಗದಿದ್ರೆ ಆಪರೇಷನ್."

"ಆಪರೇಷನ್ ಆದ್ರೆ?" ಅಪ್ಪ ಕೇಳಿದರು.

"ಮಾತು ಉಳಿಯುತ್ತೆ. ಮಿಮಿಕ್ರಿ ಉಳಿಯುತ್ತೆ ಅಂತ ನಾನು ಹೇಳಲಾರೆ."

ನನ್ನೊಳಗಿನ ಇಪ್ಪತ್ತು ಜನವೂ ಒಟ್ಟಿಗೆ ಸುಮ್ಮನಾದರು.

ಮನೆಯಲ್ಲಿ ನನ್ನ ಕೈಗೆ ತಂಗಿ ಸರಸಳ ಹಳೇ ಸ್ಲೇಟು ಬಂತು. ಬರೆದದ್ದನ್ನು ಓದಿ ಹೇಳುವ ಅಧಿಕಾರವನ್ನು ಅವಳೇ ವಹಿಸಿಕೊಂಡಳು. "ಉಪ್ಪಿಟ್ಟಿಗೆ ಉಪ್ಪಿಲ್ಲ" ಎಂದು ನಾನು ಬರೆದರೆ, ಅವಳು ಅಡುಗೆಮನೆಗೆ ಕೇಳುವಂತೆ, "ಅಮ್ಮಾ, ಅಣ್ಣಂಗೆ ಉಪ್ಪಿಟ್ಟು ಅಮೃತದ ಥರ ಇದೆಯಂತೆ, ಇನ್ನೊಂದು ಸೌಟು ಹಾಕ್ಬೇಕಂತೆ!" ಎನ್ನುವಳು. ಹದಿನಾರು ವರ್ಷ ನಾನು ಅವಳನ್ನು ಅಣಕಿಸಿದ್ದಕ್ಕೆ ಕಂತಿನ ಮೇಲೆ ಸೇಡು. ಕಚೇರಿಯಲ್ಲಿ ನಮ್ಮ ಸೂಪರಿಂಟೆಂಡೆಂಟರಿಗೆ ಹಬ್ಬ. "ಇಂಥಾ ಟೈಪಿಸ್ಟು ಇನ್ನೊಬ್ಬ ಸಿಕ್ರೆ ಹೇಳ್ರೀ" ಎಂದು ಎಲ್ಲರ ಮುಂದೆ ಹೇಳಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಲ್ಲೇ ಕೊಳೆಯಿತು.

ಹೊಟ್ಟೆಕಿಚ್ಚಿಗೆ ಇಷ್ಟು ಕವಲುಗಳಿವೆ ಎಂದು ನನಗೆ ತಿಳಿದಿರಲಿಲ್ಲ. ಸೊಪ್ಪು ಮಾರುವವಳ ಕೂಗಿಗೆ ಹೊಟ್ಟೆಕಿಚ್ಚು. ಬಸ್ಸಿನಲ್ಲಿ "ಹೋಲ್ಡಾನ್" ಎನ್ನುವವನ ಮೇಲೆ ಹೊಟ್ಟೆಕಿಚ್ಚು. ಪಕ್ಕದ ಮನೆಯಲ್ಲಿ ನಾಲ್ಕು ತಿಂಗಳ ಕೂಸೊಂದಿತ್ತು. ಅದು ಹಾಲಿಗಾಗಿ ಮುಕ್ಕಾಲು ಗಂಟೆ ಬಿಡದೆ ಅರಚಿ, ಮರುಕ್ಷಣ ಜೇನಿನಂಥ ದನಿಯಲ್ಲಿ "ಆಂಗೂ" ಎನ್ನುತ್ತಿತ್ತು. ಗಂಟಲು ಕೆಡುವುದಿಲ್ಲ, ಗಂಟೂ ಇಲ್ಲ. ಹಲ್ಲಿಲ್ಲದ ಆ ವಿದ್ವಾಂಸನನ್ನು ನಾನು ನಿಜವಾಗಿಯೂ ದ್ವೇಷಿಸಿದೆ.

ನಾಲ್ಕನೇ ವಾರ ಶಾಮ ಬಂದ. ಚಾಪೆಯ ಮೇಲೆ ಕೂತು ಕಾಲ್ಬೆರಳನ್ನು ನೋಡುತ್ತ ಹೇಳಿದ.

"ರಾಜ್ಯೋತ್ಸವದ್ದು ಒಪ್ಕೊಂಡಾಗಿದೆ ಕಣೋ. ಬಿಟ್ರೆ ಮುಂದಿನ ವರ್ಷ ಕರೆಯಲ್ಲ. ನಾನು ಮಾಡ್ಲಾ? ನಿನ್ನ ಐಟಮ್ಮೇ. ನಿನ್ನ ಹೆಸರು ಹೇಳೇ ಶುರು ಮಾಡ್ತೀನಿ."

ಸ್ಲೇಟಿನ ಮೇಲೆ "ಮಾಡು" ಎಂದು ಬರೆದೆ. ಬಳಪ ಎರಡು ತುಂಡಾಯಿತು.

"ಅಣ್ಣಂಗೆ ತುಂಬಾ ಸಂತೋಷವಂತೆ" ಎಂದು ಸರಸ ಓದಿದಳು.

ಹೋಗಬಾರದಿತ್ತು. ಹೋದೆ. ಮಫ್ಲರ್ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ, ಕಂಬದ ಮರೆಗೆ ನಿಂತೆ. ಶಾಮ ಮಾತಿನಂತೆ ನನ್ನ ಹೆಸರು ಹೇಳಿ ಶುರು ಮಾಡಿದ. ಕಂಡಕ್ಟರು ಸುಮಾರು. ನಮ್ಮಪ್ಪನ ಗದರಿಕೆ ಪರವಾಗಿಲ್ಲ. ಪದ್ಮಕ್ಕ ಬಂದಳು. ತವರಿಂದ ನೇರವಾಗಿ ಅವನ ಗಂಟಲಿಗೆ ಬಂದಿಳಿದ ಹಾಗೆ ಬಂದಳು. ಕೊಡದ ಮಾತಿಗೆ ಹೆಂಗಸರ ಕಡೆಯಿಂದ ನಗು ಅಲೆಯಾಗಿ ಎದ್ದಿತು. ನನಗೆ ಅಷ್ಟು ಎದ್ದದ್ದಿಲ್ಲ. ಈ ವಾಕ್ಯ ಬರೆಯುವಾಗ ಈಗಲೂ ಪೆನ್ನು ನಿಂತು ನಿಂತು ಹೋಗುತ್ತದೆ.

ಆಮೇಲೆ ಅವನು ಚೀಲದಿಂದ ಒಂದು ಸ್ಲೇಟು ತೆಗೆದ.

ಮಾತಿಲ್ಲ. ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು, ಬೀಸಿ ಬೀಸಿ ಬರೆಯುತ್ತ, ಓದಿದವರು ತಪ್ಪು ಓದಿದಾಗ ಹಣೆ ಚಚ್ಚಿಕೊಳ್ಳುತ್ತ, ಸಿಟ್ಟಿಗೆ ಬಳಪ ಮುರಿದ. ನಾನೇ. ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಊರನ್ನೆಲ್ಲ ಅಣಕಿಸಿ ಅನ್ನ ಉಂಡವನು ನಾನು. ನನ್ನನ್ನು ಅಣಕಿಸಿದ್ದಕ್ಕೆ ಸಿಟ್ಟು ಮಾಡುವ ಹಕ್ಕು ನನಗಿಲ್ಲ. ಅದೂ ಗೊತ್ತಿತ್ತು. ಆದರೆ ಗಂಟಲನ್ನು ಮುಟ್ಟದೆಯೇ ಅವನು ಆ ನಗುವನ್ನು ಗಳಿಸಿದ್ದ. ಅದನ್ನು ಸಹಿಸಲಾಗಲಿಲ್ಲ.

"ನಿಲ್ಸೋ!" ಎಂದು ಕೂಗಿದೆ.

ಕೂಗು ಅರ್ಧದಲ್ಲಿ ಹರಿಯಿತು. ಬಾಯಲ್ಲಿ ಉಪ್ಪುಪ್ಪು ರುಚಿ. ಜನ ತಿರುಗಿ ನೋಡಿ, ಇದೂ ಐಟಮ್ಮಿನ ಭಾಗವೆಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೂ ಶಾಮನ ಲೆಕ್ಕಕ್ಕೇ ಹೋಯಿತು.

ಮರುದಿನ ಬೆಳಿಗ್ಗೆ ಗಾಳಿಯೂ ಬರಲಿಲ್ಲ.

"ಕಾರ್ಡ್ ಮೇಲೆ ರಕ್ತ ಕಟ್ಟಿದೆ. ಕೂಗಿದ್ಯಾ?" ಡಾಕ್ಟರು ಕನ್ನಡಿ ಕೆಳಗಿಟ್ಟರು. ನಾನು ತಲೆ ತಗ್ಗಿಸಿದೆ. "ಕಳೆದ ವಾರಗಳೆಲ್ಲ ನೀರಿಗೆ ಹೋಯ್ತು. ಇವತ್ತಿಂದ ಎಂಟು ವಾರ. ಇನ್ನೊಂದು ಸಲ ಹೀಗಾದ್ರೆ ನಾನು ಕತ್ತರಿ ತಗೋಬೇಕಾಗುತ್ತೆ. ಸುಮ್ನೆ ಕೂತಾಗ ಏನ್ ಮಾಡ್ತೀಯ?"

"ಮನಸ್ಸಲ್ಲೇ ಪ್ರಾಕ್ಟೀಸು" ಎಂದು ಸ್ಲೇಟಿನಲ್ಲಿ ಬರೆದೆ.

ಅವರು ನನ್ನ ಗಂಟಲ ಹೊರಗಿನ ಉಬ್ಬಿನ ಮೇಲೆ ಎರಡು ಬೆರಳಿಟ್ಟರು. "ಈಗ ಮಾಡು. ಮನಸ್ಸಲ್ಲೇ." ಅಪ್ಪನ ಧ್ವನಿ ನೆನೆಸಿದೆ. "ನೋಡು, ಅಲುಗುತ್ತಿದೆ. ಬಾಯಿ ಮುಚ್ಚಿದ್ರೂ ಗಂಟಲಿಗೆ ಡ್ಯೂಟಿ ತಪ್ಪಿಲ್ಲ. ಮಿಮಿಕ್ರಿ ಬಿಟ್ಟು ನಿನಗೆ ಇಷ್ಟ ಆಗೋದು ಏನಿದೆ?"

ಬಳಪ ಹಿಡಿದೆ. ಸಂಜೆಯ ತಿರುಗಾಟ? ಅಲ್ಲಿ ಜನರ ಕೆಮ್ಮು ಕೇಳುತ್ತೇನೆ. ಕಾಫಿ? ಅಪ್ಪ ಅದನ್ನು ಹೀರುವ ಸದ್ದು ಹಿಡಿಯುತ್ತೇನೆ. ಎಲ್ಲವೂ ಕಚ್ಚಾ ಮಾಲು. ಸ್ಲೇಟು ಖಾಲಿಯೇ ಉಳಿಯಿತು.

"ಮೊದಲು ಅದನ್ನ ಹುಡುಕು" ಎಂದರು. "ಮತ್ತೆ, ಮನೆ ಹತ್ರ ಎಳೇ ಕೂಸಿದ್ರೆ ಅದು ಅಳೋದನ್ನ ನೋಡು. ಹೊಟ್ಟೆಯಿಂದ ಅಳುತ್ತೆ. ನೀನು ಕುತ್ತಿಗೆಯಿಂದ."

ನೋಡಿದೆ. ದ್ವೇಷಿಸುತ್ತಲೇ ನೋಡಿದೆ. ಕೂಸಿನ ಹೊಟ್ಟೆ ತಿದಿಯಂತೆ ಏರಿ ಇಳಿಯುತ್ತಿತ್ತು. ಕತ್ತಿನಲ್ಲಿ ಒಂದು ನರವೂ ಎದ್ದಿರಲಿಲ್ಲ.

ಶಾಮ ನಾಲ್ಕನೇ ದಿನ ಬಂದ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. "ತಪ್ಪಾಯ್ತು ಕಣೋ. ನೀನು ಬಂದಿದ್ದೆ ಅಂತ ಗೊತ್ತಿರ್ಲಿಲ್ಲ" ಎಂದ. ಗೊತ್ತಿದ್ದರೆ ಅವನು ಮಾಡುತ್ತಿರಲಿಲ್ಲ, ನಾನಾಗಿದ್ದರೆ ಗೊತ್ತಿದ್ದೂ ಮಾಡುತ್ತಿದ್ದೆ. ಅದಕ್ಕೇ ತಿರುಗಲಿಲ್ಲ.

ಡಿಸೆಂಬರಿನಲ್ಲಿ ಅವರೆಕಾಯಿ ಬಂತು. ಅಮ್ಮ ನೆನೆಹಾಕಿದ ಕಾಳಿನ ಪಾತ್ರೆಯನ್ನು ನಡುಮನೆಯಲ್ಲಿಟ್ಟು, "ಸುಮ್ನೆ ಕೂತಿದ್ದೀಯಲ್ಲ, ಹಿದುಕು ಬಾ" ಎಂದಳು. ನೆನೆದ ಕಾಳಿನ ಸಿಪ್ಪೆ ಬಿಡಿಸುವ ಕೆಲಸ. ನಾನು ಹಿಂಡಿದ ಮೊದಲ ಕಾಳು ಅಪ್ಪನ ಪೇಪರಿಗೆ ಹೋಗಿ ಬಡಿಯಿತು.

"ಜೀವ ತೆಗೀಬೇಡ್ವೋ ಅದರದ್ದು. ಬುಡದಲ್ಲಿ ಸ್ವಲ್ಪ ಒತ್ತಿದ್ರೆ ಸಾಕು, ತಾನೇ ಬರುತ್ತೆ" ಎಂದಳು ಅಮ್ಮ.

ಒತ್ತಿದೆ. ಬಂತು. ನುಣ್ಣಗೆ, ಒದ್ದೆಯಾಗಿ, ಹಸಿರಾಗಿ ಬೆರಳ ಸಂದಿಯಿಂದ ಜಾರಿ ಪಾತ್ರೆಗೆ ಬಿತ್ತು. ಇನ್ನೊಂದು. ಮತ್ತೊಂದು. ನಾನೊಂದು ಹಿದುಕುವಷ್ಟರಲ್ಲಿ ಸರಸ ಮೂರು ಹಿದುಕುತ್ತಿದ್ದಳು. ಅಲ್ಲಿಯೂ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅರ್ಧ ಪಾತ್ರೆ ಮುಗಿಯುವಷ್ಟರಲ್ಲಿ ಬೆರಳಿಗೆ ಸೊಗಡಿನ ವಾಸನೆ ಹತ್ತಿ, ಕಿಟಕಿಯ ಬಿಸಿಲು ಮೊಣಕಾಲಿಗೆ ಬಂದು, ನಾನು ಯಾರ ಮಾತನ್ನೂ ಹಿಡಿಯುತ್ತಿಲ್ಲವೆಂದು ಗಮನಕ್ಕೆ ಬಂತು. ಗಂಟಲ ಮೇಲೆ ಎರಡು ಬೆರಳಿಟ್ಟು ನೋಡಿದೆ.

ಅಲುಗುತ್ತಿರಲಿಲ್ಲ.

ಆಮೇಲೆ ದಿನವೂ ಕೂತೆ. ರಾತ್ರಿಯ ಸಾರಿಗೆ ಅದೇ ಬೇಳೆ, ಮೇಲೆ ಒಂದು ಚಮಚ ತುಪ್ಪ. ಇಷ್ಟು ವರ್ಷ ಆ ಸಾರನ್ನು ನಾನು ಪ್ರೋಗ್ರಾಮಿಗೆ ಓಡುವ ಅವಸರದಲ್ಲಿ ನುಂಗಿದ್ದೇ ಹೊರತು ಉಂಡಿರಲಿಲ್ಲ.

ಒಂದು ಭಾನುವಾರ ಶಾಮ ಅವರೆಕಾಯಿಯ ಚೀಲ ಹೊತ್ತುಕೊಂಡು ಬಂದ. ಕರೆಯದೆಯೇ ಕೂತು ಹಿದುಕತೊಡಗಿದ. ಸರಸ ಕಾಫಿ ಬೇಕಾ ಎಂದಳು.

"ಕಾಫಿ ಆದ್ರೆ ಅರ್ಧ ಲೋಟ ಸಾಕಮ್ಮ" ಎಂದ.

"ಅರ್ಧ" ಎನ್ನುವಲ್ಲಿ ಧ್ವನಿ ಕೂದಲೆಳೆಯಷ್ಟು ಸೀಳಿತು.

ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ. ನನಗೆ ಕೇಳಿಸಿತು. ಗಣೇಶನ ಹಬ್ಬಕ್ಕೆ ಹದಿನೈದು ದಿನ ಮೊದಲು ನನ್ನ ಗಂಟಲಲ್ಲಿದ್ದದ್ದು ಅದೇ ಸೀಳು. ಕೆಮ್ಮಿ ಸರಿಮಾಡಿಕೊಂಡ, ನಾನೂ ಹಾಗೇ ಮಾಡುತ್ತಿದ್ದೆ. ಮಾತಾಡುವಾಗ ಕತ್ತಿನ ನರ ಎದ್ದಿತ್ತು. ಕೈ ತುಂಬ ಪ್ರೋಗ್ರಾಂ ಅಂತೆ, ದಿನಕ್ಕೆರಡು. ಎಲ್ಲ ಕಡೆ ಪದ್ಮಕ್ಕನಿಗೇ ಒನ್ಸ್ ಮೋರ್ ಅಂತೆ.

ನನಗೆ ಆಗ ಆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಸಂತೋಷವಾಯಿತು. ಇನ್ನೊಂದು ತಿಂಗಳು ಅವಳು ಅವನ ಗಂಟಲಲ್ಲಿ ಕುಣಿಯಲಿ, ಆಮೇಲೆ ಇಬ್ಬರೂ ಆಸ್ಪತ್ರೆಯ ಒಂದೇ ಬೆಂಚಿನಲ್ಲಿ ಕೂರೋಣ ಎನ್ನಿಸಿತು. ಸ್ಲೇಟು ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ. ಅವನು ಕಾಫಿ ಕುಡಿದು, ಸೈಕಲ್ ಹತ್ತಿ ಹೋದ.

ಮೂರು ದಿನ ಹಾಗೇ ಇದ್ದೆ. ಆ ಮೂರು ದಿನ ಕಾಳು ಮತ್ತೆ ಅಪ್ಪನ ಪೇಪರಿಗೆ ಹಾರಿತು. ಸಾರು ಸಪ್ಪೆಯಾಯಿತು. ಎರಡು ಬೆರಳಿಟ್ಟು ನೋಡಿದರೆ ಗಂಟಲು ಅಲುಗುತ್ತಿತ್ತು. ಒಳಗೆ ಅವನ "ಅರ್ಧ" ಮತ್ತೆ ಮತ್ತೆ ಬರುತ್ತಿತ್ತು, ಅವನಿಗಿಂತ ಚೆನ್ನಾಗಿ ನಾನೇ ಅದನ್ನು ಮಾಡುತ್ತಿದ್ದೆ. ಹೀಗೇ ಹೋದರೆ ಅವನ ಗಂಟಲಿಗಿಂತ ಮೊದಲು ನನ್ನದೇ ಕತ್ತರಿಗೆ ಹೋಗುತ್ತದೆಂಬ ಭಯವೂ ಸೇರಿತು. ಪೂರ್ತಿ ಒಳ್ಳೆತನವಲ್ಲ ಅದು. ನಾಲ್ಕನೇ ದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಅವನ ಮನೆಗೆ ಹೋಗಿ ಸ್ಲೇಟು ಹಿಡಿದೆ.

"ನಿನ್ನ ಗಂಟಲು ಹೋಗ್ತಿದೆ. ಈಗಲೇ ನಡಿ."

ಶಾಮ ಓದಿ ನಕ್ಕ. "ಹೊಟ್ಟೆಕಿಚ್ಚೇನೋ?"

"ಹೌದು. ನಡಿ" ಎಂದು ಬರೆದೆ.

ಡಾಕ್ಟರು ಅವನ ನಾಲಿಗೆಯನ್ನೂ ಬಟ್ಟೆಯಲ್ಲಿ ಹಿಡಿದೆಳೆದರು. ಸ್ವಲ್ಪ ಊತ, ಗಂಟಿನ್ನೂ ಕಟ್ಟಿಲ್ಲ. "ಸರಿಯಾದ ಟೈಮಿಗೆ ಬಂದೆ. ಎರಡು ವಾರ ರೆಸ್ಟು, ಸಾಕು."

ಎರಡು ವಾರ! ನನಗೆ ಎಲ್ಲ ಸೇರಿ ಹದಿಮೂರು. ದಾರಿಯುದ್ದಕ್ಕೂ ಅವನೊಂದಿಗೆ ಮಾತಾಡಲಿಲ್ಲ. ಮಾತಾಡುವಂತಿದ್ದರೂ ಆಡುತ್ತಿರಲಿಲ್ಲ.

ಆ ಎರಡು ವಾರ ಅವನು ನಮ್ಮ ಮನೆಯಲ್ಲೇ ಹಿದುಕಿದ. ಇಬ್ಬರು ಮಿಮಿಕ್ರಿಯವರು ಒಂದು ಪಾತ್ರೆಯ ಎದುರು ಕೂತರೂ ಮನೆಯಲ್ಲಿ ಗಡಿಯಾರದ ಸದ್ದು ಕೇಳುತ್ತಿತ್ತು. "ಈ ಪುಣ್ಯ ಯಾವ ಪೂಜೆದೋ" ಎಂದರು ಅಪ್ಪ.

ಎಂಟು ವಾರ ಮುಗಿದ ಮೇಲೆ ಗಂಟು ಕರಗಿತ್ತು. ದಿನಕ್ಕೆ ಐದು ನಿಮಿಷ ಮಾತು, ಆಮೇಲೆ ಹತ್ತು, ಆಮೇಲೆ ಅರ್ಧ ದಿನ. ಧ್ವನಿ ಬಂತು. ಮೇಲಿನ ಅಂತಸ್ತು ಬರಲಿಲ್ಲ. ಮುಂದೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಸದ್ಯಕ್ಕೆ ಪದ್ಮಕ್ಕ ನನಗಿಲ್ಲ.

ರಾಮನವಮಿಗೆ ಇಬ್ಬರನ್ನೂ ಕರೆದರು. ನನಗೆ ಹತ್ತು ನಿಮಿಷದ ಅಪ್ಪಣೆ. ಅಪ್ಪ ಮುಂದಿನ ಸಾಲಿನಲ್ಲಿ ಟೈಂಪೀಸು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರನ್ನೇ ಅವರೆದುರು ಮಾಡಿದೆ, ಹೊಟ್ಟೆಯಿಂದ ಉಸಿರೆಳೆದು, ನಿಧಾನವಾಗಿ. ಜನ ನಕ್ಕರು. ಹತ್ತು ನಿಮಿಷ ಆಯಿತೆಂದು ಅಪ್ಪ ಕೈಯೆತ್ತಿದರು. "ಒನ್ಸ್ ಮೋರ್" ಎಂದು ಹಿಂದಿನಿಂದ ಕೂಗು ಬಂತು. ನಿಲ್ಲಿಸಬಾರದೆಂದು ಮೈಯೆಲ್ಲ ಹೇಳುತ್ತಿತ್ತು. ಕೈಮುಗಿದು ಇಳಿದೆ.

ಶಾಮ ಹತ್ತಿದ. ಪದ್ಮಕ್ಕ ಬಂದಳು, ಪೆಂಡಾಲು ಹಾರಿಹೋಯಿತು. ನಾನು ಪಕ್ಕದಲ್ಲಿ ನಿಂತು ಅವನಿಗೆ ಬೇಕಾದ ಕಡೆ ಒಂದು ನಾಯಿ ಬೊಗಳಿದೆ, ತಗ್ಗಿನ ಧ್ವನಿಯದು, ದೊಡ್ಡ ಜಾತಿಯ ನಾಯಿ. ಆಮೇಲೆ ದೊನ್ನೆಯಲ್ಲಿ ಕೋಸಂಬರಿ ತಿಂದೆ. ಹೊಟ್ಟೆಯೊಳಗೆ ಉರಿಯುತ್ತಿತ್ತು. ಕೋಸಂಬರಿ ರುಚಿಯಾಗಿಯೂ ಇತ್ತು. ಎರಡೂ ನಿಜ.

ಅದಾಗಿ ಮೂರು ವಾರವಾಯಿತು. ಈಗಲೂ ಬೆಳಿಗ್ಗೆ ಎದ್ದವನೇ ಒಂದೆರಡು ನಿಮಿಷ ಬಾಯಿ ತೆರೆಯಲು ಹೆದರಿ ಹಾಗೇ ಮಲಗಿರುತ್ತೇನೆ. ಒಳಗೆ ಇದೆಯೋ ಇಲ್ಲವೋ? ಇವತ್ತೂ ಹಾಗೇ ಆಯಿತು. ಆಮೇಲೆ ಯಾರ ಧ್ವನಿಯನ್ನೂ ಹಾಕಿಕೊಳ್ಳದೆ, "ಅಮ್ಮಾ, ಕಾಫಿ" ಎಂದೆ. ಸ್ವಲ್ಪ ಒರಟು, ಸ್ವಲ್ಪ ತಗ್ಗು, ಆದರೆ ಪೂರ್ತಿ ಬಂತು.

"ಕೂಗ್ಬೇಡ. ಕೇಳಿಸ್ತು" ಎಂದಳು ಅಮ್ಮ ಒಳಗಿನಿಂದ.