ಡ್ಯಾಂಡಿನಾಂಗ್‌ನ ಹಾಡು ಬ್ರಸೆಲ್ಸ್ ಸೇರಿದ ಬಗೆ

ಕೋವಿಡ್ ಮುಗಿದು ಸ್ಟೇಜುಗಳು ಮತ್ತೆ ತೆರೆದ ವರ್ಷ. ನಾನು ಮೆಲ್ಬರ್ನ್‌ನಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದೆ. ಸಭೆಯ ನಡುವೆ ಮಿಕ್ಸರ್ ಮುಂದೆ ನಿಂತು, ಯಾರ ದನಿ ಎಷ್ಟು ಕೇಳಿಸಬೇಕೆಂದು ನೋಡಿಕೊಳ್ಳುವ ಕೆಲಸ. ಟ್ರುಗನಿನಾದ ಗೋಡೌನೊಂದರಿಂದ ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದ ಮಂಜಣ್ಣ ನನ್ನ ಬಾಸ್. ನಮ್ಮವರ ಗಣೇಶೋತ್ಸವಕ್ಕೂ ನಾವೇ, ಆಫ್ರಿಕನ್ನರ ಮದುವೆಗಳಿಗೂ ನಾವೇ. ಉತ್ಸವದವರು ಸೌಂಡ್ ಸಾಲದೆಂದು ಪ್ರಾಣ ತಿನ್ನುತ್ತಿದ್ದರು. ಮದುವೆಯವರು ಮೊದಲು ಊಟಕ್ಕೆ ಕೂರಿಸುತ್ತಿದ್ದರು. ನನ್ನ ಒಲವು ಯಾವ ಕಡೆಗಿತ್ತೆಂದು ಹೇಳಬೇಕಿಲ್ಲ.

ಹಾಗೆ ಪರಿಚಯವಾದದ್ದು ಮೆಲ್ಬರ್ನ್‌ನ ಅಂಚಿನ ಬಡಾವಣೆ ಡ್ಯಾಂಡಿನಾಂಗ್‌ನ ಒಂದು ಕಾಂಗೋಲೀಸ್ ಬ್ಯಾಂಡ್. ಹಾಡುಗಾರ ಜೋಸೆಫ್ ಅರವತ್ತು ದಾಟಿದವರು. ಗಿಟಾರ್ ಅವರ ತಮ್ಮ ಪ್ಯಾಟ್ರಿಸ್‌ನದು, ಬ್ಯಾಂಡಿನ ಯಜಮಾನಿಕೆಯೂ ಅವನದೇ. ಅವರ ಹಾಡಿಗೆ ಎರಡು ಭಾಗ. ಮೊದಲರ್ಧ ನಿಧಾನ. ಜೋಸೆಫ್ ಹಾಡುತ್ತಲೇ ಸಭೆಯಲ್ಲಿ ಕೂತ ಒಂದೊಂದು ಮನೆಯವರ ಹೆಸರು ಹಿಡಿದು ಕೂಗುತ್ತಿದ್ದರು, ತೀರಿಕೊಂಡವರನ್ನೂ ಬಿಡದೆ. ಆಮೇಲೆ ಅವರು ಕೈ ಎತ್ತಿದರೆ ಗಿಟಾರ್ ಓಟ ಕೀಳುತ್ತಿತ್ತು. ಕುಣಿತದ ಆ ಭಾಗಕ್ಕೆ ಸೆಬೆನ್ ಎನ್ನುತ್ತಾರೆ. ಹೆಸರು ಕೂಗುವ ತನಕ ಅವರ ಜನ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಜೋಸೆಫರ ಒಬ್ಬಳೇ ಮಗಳು ಬ್ರಸೆಲ್ಸ್‌ನಲ್ಲಿದ್ದಳು. ನಿರಾಶ್ರಿತರ ಕ್ಯಾಂಪಿನಿಂದ ಅವಳನ್ನು ಒಂದು ದೇಶಕ್ಕೆ, ಇವರನ್ನು ಇನ್ನೊಂದಕ್ಕೆ ಕಳಿಸಿದ್ದರು. ಆಮೇಲೆ ಅಪ್ಪ ಮಗಳು ಮುಖ ನೋಡಿದ್ದು ಫೋನಿನಲ್ಲಿ ಮಾತ್ರ. ಹಾಗಾಗಿ ಸಿಡ್ನಿಯ ಶೋಕೇಸ್‌ಗೆ ಕರೆ ಬಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅವರೇ. ಶೋಕೇಸ್ ಎಂದರೆ ವಿದೇಶದ ಉತ್ಸವಗಳವರ ಮುಂದೆ ನಡೆಯುವ ಪುಟ್ಟ ಕಾರ್ಯಕ್ರಮ, ಒಂದು ಥರ ಹೆಣ್ಣು ನೋಡುವ ಶಾಸ್ತ್ರ. ಒಪ್ಪಿಗೆಯಾದರೆ ಯೂರೋಪ್ ಟೂರ್, ಅದರಲ್ಲಿ ಬ್ರಸೆಲ್ಸ್ ಕೂಡ.

ಆದರೆ ಕೊಟ್ಟಿದ್ದ ಸಮಯ ಇಪ್ಪತ್ತೇ ನಿಮಿಷ. ಗೋಡೌನ್‌ನಲ್ಲಿ ಪ್ರಾಕ್ಟೀಸ್ ನಡೆಯುವಾಗ ಮಂಜಣ್ಣ ನನ್ನನ್ನು ಪಕ್ಕಕ್ಕೆ ಕರೆದರು.

“ಆ ಸ್ಲೋ ಪಾರ್ಟ್ ಯಾರಿಗಮ್ಮ ಬೇಕು? ಸೀದಾ ಡಾನ್ಸ್ ಪಾರ್ಟಿಂದ ಸ್ಟಾರ್ಟ್ ಮಾಡ್ಲಿ ಅಂತ ಹೇಳು.”

“ಹೆಸರು ಕೂಗ್ದೆ ಅವ್ರು ಶುರು ಮಾಡಲ್ಲ ಅಣ್ಣ.”

“ಯೂರೋಪ್ ಬೇಕೋ ಹೆಸರು ಬೇಕೋ, ಕೇಳು ಮತ್ತೆ.”

ನಾನು ಕೇಳುವ ಪ್ರಸಂಗವೇ ಬರಲಿಲ್ಲ. ಸಿಡ್ನಿಯವರೂ ಪ್ಯಾಟ್ರಿಸ್‌ಗೆ ಅದನ್ನೇ ಹೇಳಿದ್ದರು. ಅವನು ತಲೆ ತಗ್ಗಿಸಿ ಅಣ್ಣನಿಗೆ ತಿಳಿಸಿದ. ಜೋಸೆಫ್ ನಕ್ಕುಬಿಟ್ಟರು. “ಮೊದಲು ಬಾಗಿಲು ತೆಗೀಲಿ. ಒಳಗೆ ಹೋದಮೇಲೆ ಹೆಸರು ಕೂಗಿದ್ರಾಯ್ತು” ಎಂದರು ನನ್ನ ಕಡೆ ತಿರುಗಿ, ತಮ್ಮ ನಿಧಾನದ ಇಂಗ್ಲಿಷಿನಲ್ಲಿ.

ಸಿಡ್ನಿಯಲ್ಲಿ ಬ್ಯಾಂಡ್ ನೇರವಾಗಿ ಸೆಬೆನ್‌ನಿಂದಲೇ ಶುರುಮಾಡಿತು. ಮುಂದೆ ನಿಂತಿದ್ದ ಬಿಳಿಯರು ಬಿಯರ್ ಲೋಟ ಹಿಡಿದುಕೊಂಡೇ ಕುಣಿದರು. ದೂರದ ಸಬರ್ಬ್‌ಗಳಿಂದ ಚೆಂದದ ಬಟ್ಟೆ ತೊಟ್ಟು ಬಂದಿದ್ದ ಕಾಂಗೋಲೀಸ್ ಸಂಸಾರಗಳು ಹಿಂದೆ ಕುರ್ಚಿಗಳಲ್ಲಿ ಕಾದು ಕೂತಿದ್ದವು. ಸೆಬೆನ್‌ನಲ್ಲಿ ಹಾಡುವುದೇನೂ ಇಲ್ಲದ್ದರಿಂದ ಜೋಸೆಫ್ ಸ್ಟೇಜಿನ ಮೂಲೆಯಲ್ಲಿ ನಿಂತು ಗಿಲಕಿ ಅಲ್ಲಾಡಿಸುತ್ತಿದ್ದರು. ವಯಸ್ಸಾದ ಹೆಂಗಸೊಬ್ಬರು ಎದ್ದು ನನ್ನ ಬಳಿ ಬಂದರು.

“ಅವರ ಮೈಕ್ ಕೆಟ್ಟಿದೆಯಾ?”

ಕೆಟ್ಟಿಲ್ಲ ಎಂದೆ. ಅವರು ವಾಪಸ್ ಹೋಗಿ ಕುರ್ಚಿಯಲ್ಲಿ ಕೂತರು.

ಬ್ಯಾಂಡ್ ಆಯ್ಕೆಯಾಯಿತು. ಆದರೆ ಖರ್ಚಿಗೆ ಹೊಂದುವುದು ನಾಲ್ವರಷ್ಟೇ, ಗಿಲಕಿಯವರು ಬೇಕಿಲ್ಲ ಎಂದು ಯೂರೋಪಿನವರು ತಿಳಿಸಿದರು. ಜೋಸೆಫ್ ಹಾಡಿದ್ದನ್ನು ಅವರ್ಯಾರೂ ಕೇಳಿರಲೇ ಇಲ್ಲ. ಪ್ಯಾಟ್ರಿಸ್ ಗೋಗರೆದ, ಜಗಳವಾಡಿದ, ಕೊನೆಗೆ ಒಪ್ಪಿಕೊಂಡ. ಉಳಿದ ಮೂವರ ಅನ್ನದ ಪ್ರಶ್ನೆಯೂ ಇತ್ತು, ಅವನನ್ನು ದೂರಲಾರೆ. ಕುಣಿದವರ ಮೇಲೆ ಮಾತ್ರ ನನಗೆ ಇಂದಿಗೂ ಸಿಟ್ಟಿದೆ. ಅದು ನ್ಯಾಯವಲ್ಲ, ಗೊತ್ತು.

ಟೂರ್ ಮುಗಿದ ಮೇಲೆ ಡ್ಯಾಂಡಿನಾಂಗ್‌ನ ಮದುವೆಯೊಂದರಲ್ಲಿ ಜೋಸೆಫ್ ಸಿಕ್ಕಿದರು. ಮೈಕ್ ಸ್ಟ್ಯಾಂಡನ್ನು ಅವರ ಎತ್ತರಕ್ಕೆ ಹೊಂದಿಸುತ್ತ, ಬ್ರಸೆಲ್ಸ್ ಹೇಗಾಯಿತಂತೆ ಎಂದು ಕೇಳಿದೆ.

“ಮಗಳು ಹೋಗಿದ್ದಳು. ಜನ ಹುಚ್ಚೆದ್ದು ಕುಣಿದರಂತೆ.”

“ಅವಳು?”

“ಅಲ್ಲಿ ಕುರ್ಚಿ ಇರಲಿಲ್ಲವಂತೆ. ಗೋಡೆಗೆ ಒರಗಿ ನಿಂತಿದ್ದಳಂತೆ, ಕೊನೇವರೆಗೂ.”

ಹಾಡು ಕಡಲು ದಾಟಿತೆಂದರೆ ಹಾಡಿದವರೂ ದಾಟಿದರೆಂದು ನಾನು ಈಗ ನಂಬುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಯಾರಾದರೂ ಬಂದು ಹಾಡನ್ನು ಸ್ವಲ್ಪ ಚಿಕ್ಕದು ಮಾಡಿ ಎಂದರೆ, ಯಾರನ್ನು ಬಿಟ್ಟು ಹೋಗಬೇಕೆಂದು ಮೊದಲೇ ಹೇಳಿಬಿಡಿ ಎನ್ನುತ್ತೇನೆ.