ನೀರು ಮಾರು

ನನ್ನ ಗಂಡನ ಅಣ್ಣನನ್ನು ಊರೆಲ್ಲ ಹಗ್ಗದಪ್ಪ ಎಂದೇ ಕರೆಯುತ್ತದೆ. ನಲವತ್ತು ವರ್ಷ ಬಾವಿಗಿಳಿದು ಹೂಳೆತ್ತಿದವರು. ನೀರು ಅಳೆಯಲು ಅವರ ಬಳಿ ಗಂಟು ಹಾಕಿದ ಒಂದು ಹಗ್ಗವಿದೆ, ತುದಿಗೆ ಕಬ್ಬಿಣದ ಗುಂಡು. ಎರಡು ತೋಳು ಚಾಚಿದರೆ ಎಷ್ಟು ಉದ್ದವೋ ಅಷ್ಟು ಒಂದು ಮಾರು. ಮಾರಿಗೊಂದು ಗಂಟು. ಇಪ್ಪತ್ತೈದರ ಹರೆಯದಲ್ಲಿ ತಮ್ಮ ತೋಳಿನ ಅಳತೆಗೆ ಹಾಕಿದ ಗಂಟುಗಳವು. ಹಗ್ಗ ಸವೆದರೆ ಹೊಸದನ್ನು ಹಳೆಯದರ ಪಕ್ಕಕ್ಕಿಟ್ಟು ಗಂಟು ಹಾಕುತ್ತಾರೆಯೇ ಹೊರತು ಮತ್ತೆ ತೋಳು ಚಾಚುವುದಿಲ್ಲ. "ತೋಳಿಗೆ ವಯಸ್ಸಾಗಿದೆ ಕಣಮ್ಮ, ಅಳತೆಗೆ ವಯಸ್ಸಾಗಬಾರದು" ಎನ್ನುತ್ತಾರೆ.

ಅಳೆಯುವುದು ಮಾರಿನಲ್ಲಿ, ಮಾತಾಡುವುದು ಗೇಣಿನಲ್ಲಿ. ಒಂದು ಸಲ ಯಾರೋ ತಮ್ಮ ಜಾಗ ನೋಡಲು ಕರೆದುಕೊಂಡು ಹೋಗಿದ್ದರು. ಭಾವ ಬಾವಿಯ ಕಡೆ ತಿರುಗಿಯೂ ನೋಡದೆ ಪಕ್ಕದ ಮನೆಯ ಹೆಂಗಸನ್ನು ಕೇಳಿದರಂತೆ: "ಬೇಸಿಗೇಲಿ ತಲೆಗೆ ಸ್ನಾನ ಎಷ್ಟು ದಿನಕ್ಕೊಮ್ಮೆ ತಾಯಿ?" ಆಕೆ ನಾಚಿಕೊಂಡು "ತಿಂಗಳಿಗೊಮ್ಮೆ" ಎಂದಳಂತೆ. ಭಾವ ಹಗ್ಗ ಬಿಚ್ಚದೆಯೇ ವಾಪಸ್ಸು ಬಂದರು.

ಅಂಥವರನ್ನು ನನ್ನ ಅಳಿಯ ತನ್ನ ಕೆಲಸಕ್ಕೆ ಕರೆದ. ಅಳಿಯ ತರಕಾರಿ ಇಡುವ ಕೋಲ್ಡ್ ಸ್ಟೋರೇಜ್ ಗೋದಾಮಿನಲ್ಲಿ ಮೇಸ್ತ್ರಿಯಾಗಿದ್ದವನು. ಎರಡು ವರ್ಷದ ಹಿಂದಿನ ಬಿರುಗಾಳಿಗೆ ಒಂಬತ್ತು ದಿನ ಕರೆಂಟಿಲ್ಲದೆ, ದಾರಿ ಕಟ್ಟಿ, ಅಂಗಡಿಗಳೆಲ್ಲ ಖಾಲಿಯಾದವು. ಮೊಮ್ಮಗಳಿಗೆ ಎರಡು ದಿನ ಹಾಲು ಸಿಗಲಿಲ್ಲ. ಅಂದಿನಿಂದ ಅವನಿಗೆ ಒಂದೇ ಯೋಚನೆ. ಬೆಂಕಿಪೊಟ್ಟಣ, ಉಪ್ಪು, ಜ್ವರದ ಮಾತ್ರೆ, ಬಿತ್ತನೆ ಬೀಜ, ಎಲ್ಲವೂ ಅಟ್ಟ ಸೇರಿದವು. ಕೊನೆಗೆ ಆರು ಗಂಟೆ ದಾರಿಯ ಒಂದು ಒಣ ಸೀಮೆಯಲ್ಲಿ ಬಾವಿ, ಮನೆ ಇರುವ ಜಮೀನನ್ನು ಕಣ್ಣಾರೆ ನೋಡದೆಯೇ ಗೊತ್ತುಮಾಡಿದ. ಯಾರ ಹಂಗೂ ಇಲ್ಲದೆ ಬೆಳೆದು ತಿಂದು ಬದುಕುತ್ತೇವೆ ಎಂದ. ಕೆಲಸಕ್ಕೂ ರಾಜೀನಾಮೆ ಬರೆದುಕೊಟ್ಟ. ಮಗಳು ಹೂಂ ಎಂದಳು. ನನಗೆ ಮಾತ್ರ ಒಂದೇ ಪ್ರಶ್ನೆ. ಆ ಬಾವಿ ಬತ್ತಿದರೆ ನಾಲ್ಕು ವರ್ಷದ ಕೂಸನ್ನು ಎತ್ತಿಕೊಂಡು ಇವರು ಎಲ್ಲಿಗೆ ಹೋಗಬೇಕು?

"ದೊಡ್ಡಮಾವ ನೋಡಿ ಬರಲಿ. ಅವರು ಸರಿ ಅಂದ್ರೆ ಗುರುವಾರ ಇಲ್ಲೇ, ನಮ್ಮೂರಲ್ಲೇ ರಿಜಿಸ್ಟ್ರಿ" ಎಂದ ಅಳಿಯ. ಭಾವ ಭಾನುವಾರವೇ ಹಗ್ಗ ಹೆಗಲಿಗೇರಿಸಿ ಹೊರಟರು. ಅಲ್ಲಿ ಫೋನು ಸಿಗುವುದಿಲ್ಲ. ಗುರುವಾರ ಬೆಳಿಗ್ಗೆ ಆ ಕಡೆಯಿಂದ ಬರುವ ಹಾಲಿನ ವ್ಯಾನಿನವನು ಒಂದು ಚೀಟಿ ತಂದುಕೊಟ್ಟ. ಅಳಿಯ ಗಟ್ಟಿಯಾಗಿ ಓದಿದ:

"ಮಣ್ಣು ಪರವಾಗಿಲ್ಲ. ಸೌದೆ ಇದೆ. ಡಾಕ್ಟರು ಎರಡು ಗಂಟೆ ದಾರಿ. ನೀರು ಮಾರು. ಮಗುವಿಗೆ ಬಿಸಿಲಿನ ಟೋಪಿ ತನ್ನಿ."

"ಕೇಳಿದ್ರಾ ಅತ್ತೆ!" ಅಳಿಯ ಕುಣಿದುಬಿಟ್ಟ. "ನೀರು ಮಾರು ಅಂತಿದ್ದಾರೆ! ನಾವು ಕುಡಿದು, ಗಿಡಕ್ಕೆ ಹಾಕಿ, ಮಿಕ್ಕಿದ್ದನ್ನ ಮಾರೋ ಅಷ್ಟಿದೆ!"

"ಟೋಪಿ ತನ್ನಿ ಅಂದ್ಮೇಲೆ ಒಪ್ಪಿದ ಹಾಗೇ ಅಲ್ವಾ" ಎಂದಳು ಮಗಳು. ಇಬ್ಬರೂ ಬೈಕು ಹತ್ತಿ ಹೋದರು.

ನಾನು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕಿ ಆರಿಸುತ್ತಿದ್ದೆ. ಮನಸ್ಸು ಮಾತ್ರ ಆ ಚೀಟಿಯಲ್ಲೇ ಸಿಕ್ಕಿಕೊಂಡಿತ್ತು. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಏನೋ ಹಲ್ಲಿಗೆ ಕಟಕ್ ಎನ್ನುತ್ತಿತ್ತು. ನನಗೆ ಓದು ಅಷ್ಟಕ್ಕಷ್ಟೆ, ಆದರೆ ಕಿವಿ ಚುರುಕು. ಚೀಟಿಯನ್ನು ಭಾವನ ಗಂಟಲಲ್ಲೇ ಮತ್ತೆ ಮತ್ತೆ ಹೇಳಿಕೊಂಡೆ. ಟೋಪಿ ತನ್ನಿ. ತನ್ನಿ. ಮಗಳ ಮದುವೆಯಾದಂದಿನಿಂದ ಭಾವ ಅಳಿಯನನ್ನು ಬನ್ನಿ, ಕೂತ್ಕೊಳ್ಳಿ ಎಂದೇ ಮಾತಾಡಿಸುವುದು. ಮಾರಬೇಕಾಗಿದ್ದರೆ "ಮಾರಿ" ಎಂದು ಬರೆಯುತ್ತಿದ್ದರು. ಅಳಿಯನಿಗೆ "ಮಾರು" ಎನ್ನುವ ಬಾಯಲ್ಲ ಅದು.

ಅಯ್ಯೋ, ಅದು ಅಳತೆ! ಬಾವಿಯಲ್ಲಿ ಒಂದೇ ಒಂದು ಮಾರು ನೀರು!

ಮೊರ ಅಲ್ಲೇ ಬಿಟ್ಟೆ. ಮಗಳ ಫೋನು ಆಫ್. ಅಳಿಯನದು ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಕೂಸನ್ನು ಕಂಕುಳಿಗೆ ಹಾಕಿಕೊಂಡು ಬೀದಿಗೆ ಬಂದೆ. ಮೂಲೆಯಲ್ಲಿ ಆಟೋದವನು ಟೀ ಕುಡಿಯುತ್ತಿದ್ದ.

"ಏನಜ್ಜಿ, ಚಪ್ಪಲಿ ಒಂದೊಂದು ಬಣ್ಣ ಹಾಕ್ಕೊಂಡು ಹೊರಟಿದ್ದೀರಲ್ಲ?"

"ಚಪ್ಪಲಿ ಹಾಳಾಗ್ಲಿ, ರಿಜಿಸ್ಟ್ರಿ ಆಫೀಸಿಗೆ ಬಿಡಪ್ಪ!"

ದಾರಿಯುದ್ದಕ್ಕೂ ಕೆಂಪು ದೀಪ. ಒಂದೊಂದರಲ್ಲೂ ನನ್ನ ಎದೆ ನಿಂತು ಹೊರಡುತ್ತಿತ್ತು.

ಕಚೇರಿಯಲ್ಲಿ ಬೆಂಚಿನ ತುಂಬ ಜನ, ಶಾಯಿಯ ವಾಸನೆ. ಗಾಜಿನ ಆಚೆ ಅಳಿಯ ಹೆಬ್ಬೆರಳು ಒರೆಸಿಕೊಂಡು ಯಂತ್ರದ ಕಡೆ ಕೈ ಚಾಚುತ್ತಿದ್ದ. ಪಕ್ಕದಲ್ಲಿ ಜಮೀನು ಮಾರುವವನು ಗರಿಗರಿ ಅಂಗಿ ಹಾಕಿಕೊಂಡು ನಿಂತಿದ್ದ.

"ಅಳಿಯಂದ್ರೇ, ಹೆಬ್ಬೆಟ್ಟು ಒತ್ತಬೇಡಿ!"

ಇಡೀ ಕಚೇರಿ ತಿರುಗಿತು. ಮಗಳು ಓಡಿಬಂದು, "ಏನಮ್ಮಾ ಇದು, ಎಲ್ಲರೂ ನೋಡ್ತಿದ್ದಾರೆ" ಎಂದು ಕೈ ಹಿಡಿದಳು. ಗರಿಗರಿ ಅಂಗಿಯವನು ನಕ್ಕ. "ಅಜ್ಜಿ ಸಹಿಯೂ ಬೇಕಾಗಿತ್ತಾ? ಮೊದಲೇ ಹೇಳಿದ್ರೆ ಕುರ್ಚಿ ಹಾಕಿಸ್ತಿದ್ದೆ."

ನಾನು ಅವನ ಕಡೆ ನೋಡಲಿಲ್ಲ. "ನಮ್ಮ ಭಾವ ನಿಮ್ಮನ್ನ ಯಾವತ್ತಾದ್ರೂ ಬಾ, ಹೋಗು ಅಂದಿದ್ದಾರಾ?"

"ಇಲ್ಲ" ಎಂದ ಅಳಿಯ, ಏನೂ ತಿಳಿಯದೆ.

"ಮತ್ತೆ ಮಾರು ಅಂತ ಹೇಗೆ ಅಂದಾರು? ಟೋಪಿ ತನ್ನಿ ಅನ್ನೋ ಬಾಯಿ, ಮಾರಿ ಅನ್ನಲ್ವಾ? ಅದು ಹಗ್ಗದ ಮಾರು!" ನಾನು ಎರಡೂ ತೋಳು ಚಾಚಿ ತೋರಿಸಿದೆ. ಕೂಸು ಕಂಕುಳಿನಿಂದ ಜಾರಿತು, ಮಗಳು ಹಿಡಿದುಕೊಂಡಳು.

ಅಳಿಯ ನನ್ನ ತೋಳನ್ನೇ ನೋಡುತ್ತ ನಿಂತ. ಯಂತ್ರದಿಂದ ಕೈ ಹಿಂದಕ್ಕೆ ತೆಗೆದ. ನಿಧಾನವಾಗಿ ಮಾರುವವನ ಕಡೆ ತಿರುಗಿದ. "ಬಾವೀಲಿ ಎಷ್ಟು ನೀರಿದೆ?"

"ಇದೆ. ನೀರಿಗೇನು, ಇದೆ."

"ಎಷ್ಟು?"

ಗರಿಗರಿ ಅಂಗಿಯವನು ಗುಮಾಸ್ತನ ಮುಖ ನೋಡಿದ. ಗುಮಾಸ್ತ ಮುಂದಿನ ನಂಬರು ಕೂಗಿದ.

ಸಂಜೆ ಭಾವ ಧೂಳು ಮೆತ್ತಿಕೊಂಡು ಬಂದರು. ನಡೆದದ್ದೆಲ್ಲ ಕೇಳಿ ಹೆಗಲಿನ ಹಗ್ಗ ಇಳಿಸಿಟ್ಟರು.

"ಮಳೆ ನಿಂತು ತಿಂಗಳಾಗಿಲ್ಲ, ಆಗಲೇ ಮಾರಿಗೆ ಇಳಿದಿದೆ" ಎಂದರು. "ಓದಿದವರಿಗೆ ಇಷ್ಟು ಬರೆದ್ರೆ ಸಾಕು ಅಂದ್ಕೊಂಡೆ. ನನ್ನದೇ ತಪ್ಪು."

"ಮತ್ತೆ ಟೋಪಿ ಯಾಕೆ ದೊಡ್ಡಪ್ಪ?" ಎಂದಳು ಮಗಳು.

"ನೀವೇ ಬಂದು ಬಾವಿ ಬಗ್ಗಿ ನೋಡ್ತೀರಿ ಅಂತ. ಕಾಣದೆ ಸಹಿ ಹಾಕ್ತಾರೆ ಅಂತ ನನಗೇನು ಗೊತ್ತು?"

ಮರುದಿನವೇ ಅಳಿಯ ಹಳೆಯ ಕೆಲಸ ಕೇಳಲು ಹೋದ. ಗೋದಾಮಿನಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದಾಗಿತ್ತು. ಆ ಚಳಿಗಾಲವೆಲ್ಲ ದಿನಗೂಲಿ ಮಾಡಿದ. ರಾತ್ರಿ ಗಾಳಿ ಬೀಸಿದರೆ ಈಗಲೂ ಎದ್ದು ಅಟ್ಟ ನೋಡುತ್ತಾನೆ. ಅವನ ಹೆದರಿಕೆ ಸುಳ್ಳಲ್ಲ, ನನಗೂ ಗೊತ್ತು.

ಬೇಸಿಗೆ ನಡುವೆ ಭಾವ ಅವನನ್ನು ಕರೆದುಕೊಂಡು ಮತ್ತೆ ಅದೇ ಬಾವಿಗೆ ಹೋದರು. ಗುಂಡು ಬಿಟ್ಟರೆ ಠಣ್ ಎಂದಿತಂತೆ. ಅಲ್ಲಿಂದ ಇಬ್ಬರೂ ಬೇರೆ ಜಾಗ ನೋಡುತ್ತ ಮುಂದಕ್ಕೆ ಹೋದರು, ಹಗ್ಗ ಈಗ ಅಳಿಯನ ಹೆಗಲ ಮೇಲೆ. ವಾರದ ಮೇಲೆ ಹಾಲಿನ ವ್ಯಾನಿನಲ್ಲಿ ಚೀಟಿ ಬಂತು. ಅಳಿಯನ ಅಕ್ಷರ:

"ಕಡು ಬೇಸಿಗೆಯಲ್ಲೂ ನೀರು ಎರಡು ಮಾರು, ಅಳತೆಯ ಮಾರು. ಇಲ್ಲಿಯ ಹೆಂಗಸರು ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುತ್ತಾರಂತೆ. ಅತ್ತೆ, ನೀವೇ ಬಂದು ನೋಡಿ. ಟೋಪಿ ತನ್ನಿ."