ಮಗಳ ಪಾಳಿ ಕಾದ ಭರಮಪ್ಪ

ಭರಮಪ್ಪನ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಎದುರುಮನೆ ಗಂಗಮ್ಮನಿಂದ. "ಅಕ್ಕಾ, ಕೊಪ್ಪಳದ ಕಡೆಯೋನೊಬ್ಬ ರೂಮು ಕೇಳ್ಕೊಂಡು ಬಂದವ್ನೆ. ನೀರು ಬರುತ್ತಾ ಅಂತ ಕೇಳ್ನಿಲ್ಲ, ಬಾಡಿಗೆ ಎಷ್ಟು ಅಂತ ಕೇಳ್ನಿಲ್ಲ. ಲೈಟು ಚೆನ್ನಾಗೈತಾ ಅಂದ! ಮಗಳು ಓದ್ತಾಳಂತೆ," ಎಂದು ನಕ್ಕಳು.

ಪಟ್ಟಂದೂರು ಅಗ್ರಹಾರದ ನಮ್ಮ ರಾಗಿ ಹೊಲದಲ್ಲಿ ಸಾಲು ರೂಮು ಕಟ್ಟಿಸಿ ಯಜಮಾನರು ತೀರಿಕೊಂಡಿದ್ದರು. ಕೊನೆಯ ರೂಮನ್ನು ಅವನಿಗೆ ಕೊಟ್ಟೆ. ಹೆಂಡತಿ ಸತ್ತವನು, ಗಾರೆ ಕೆಲಸದವನು. ಬೆಳಗಾದರೆ ಕಾಡುಗೋಡಿಯ ಕೂಲಿ ಅಡ್ಡೆಯಲ್ಲಿ ನಿಲ್ಲುತ್ತಿದ್ದ. ಅಡ್ಡೆಯ ಕಟ್ಟಳೆ ಒಂದೇ. ಮೇಸ್ತ್ರಿ ಬಂದಾಗ ಎದುರಿಗಿದ್ದವನಿಗೆ ಕೆಲಸ, ಟೀ ಕುಡಿಯಲು ಹೋದವನ ಪಾಳಿ ಪಕ್ಕದವನಿಗೆ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. "ಏಯ್ ಕೆಂಪು ಟವಲ್, ಗಾಡಿ ಹತ್ತು," ಅಷ್ಟೇ.

ಮಗಳು ಮಹಾನಂದಾ ಪಿಯುಸಿ ಮುಗಿಸಿ ಲಾಯರ್ ಓದಿಗೆ ಪರೀಕ್ಷೆ ಬರೆದಳು. ಅವಳು ಕಣ್ಣಿಟ್ಟ ಕಾಲೇಜು ನಗರದ ಆ ತುದಿಯಲ್ಲಿತ್ತು. ಭಾರೀ ರ‍್ಯಾಂಕಿನದಂತೆ.

"ಹುಡುಗ್ರಿಗೆ ರ‍್ಯಾಂಕ್ ಕೊಡ್ತಾರ, ಸರಿ. ಕಾಲೇಜಿಗೂ ಕೊಡ್ತಾರೇನು? ಅವಕ್ಕ ಪರೀಕ್ಷಿ ಯಾರು ಮಾಡ್ತಾರವ್ವ?" ಎಂದ ಭರಮಪ್ಪ. ಅಂಗಳದಲ್ಲಿದ್ದವರೆಲ್ಲ ನಕ್ಕೆವು.

ಸೀಟು ಸಿಗಲಿಲ್ಲ, ಕಾಯುವವರ ಪಟ್ಟಿಯಲ್ಲಿ ಹೆಸರು ಬಂತು. "ಮುಂದಿರೋರು ಯಾರರ ಬ್ಯಾಡ ಅಂದ್ರ ನನ್ನ ಪಾಳಿ ಅಪ್ಪಾ," ಎಂದು ಮಗಳು ಬಿಡಿಸಿ ಹೇಳಿದಳು. ಅವನಿಗೆ ಆ ಕ್ಷಣವೇ ಅರ್ಥವಾಗಿಬಿಟ್ಟಿತು, ಅಡ್ಡೆಯಲ್ಲಿ ನಿಂತವನಲ್ಲವೇ.

ಮರುದಿನದಿಂದ ಬಿಳಿ ಅಂಗಿ ತೊಟ್ಟು ಹೊರಡತೊಡಗಿದ. ಒಂದು ಸಂಜೆ ಮೇಸ್ತ್ರಿ ಕಾಡಪ್ಪ ಹುಡುಕಿಕೊಂಡು ಬಂದ. "ಎಲ್ಲವ್ನಮ್ಮಾ ನಿಮ್ಮ ಭರಮಪ್ಪ? ಅರ್ಧ ಗೋಡೆ ಅಂಗೇ ನಿಂತೈತೆ!" ಆಗ ನಿಜ ಹೊರಬಿತ್ತು. ಅವನು ದಿನವೂ ಆ ಕಾಲೇಜಿನ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದ.

ಮಹಾನಂದಾ ಸಿಟ್ಟಾದಳು. "ಅಪ್ಪಾ, ಅದು ಕಂಪ್ಯೂಟರ್‌ನ್ಯಾಗ ಬರ್ತೈತಿ. ಗೇಟಿನ್ಯಾಗ ಯಾರೂ ಕೂಗಂಗಿಲ್ಲ!"

"ಬರಲಿ ಬಿಡು. ಕೂಗಿದ್ರ ನಮ್ಮೋರೊಬ್ರು ಎದುರಿಗಿರಬೇಕಲ್ಲ."

ನಾನೂ ಕೇಳಿದೆ, "ಅಲ್ಲ ಕಣಪ್ಪಾ, ಓದು ಅಂದ್ರೆ ಅಷ್ಟೊಂದಾ?"

"ಅಮ್ಮಾರ, ಇಷ್ಟು ವರ್ಷ ಮಂದಿ ನನ್ನ ಟವಲ್ ಕರದಾರ, ನನ್ನ ಕರದಿಲ್ಲ. ಆಕಿನ್ನ ಹೆಸರು ಹಿಡದು ಕರಿಯೂದು ಒಮ್ಮೆ ಕೇಳಬೇಕ್ರಿ," ಎಂದ. ನಾನು ಎರಡನೇ ಕ್ಲಾಸಿಗೇ ಸ್ಲೇಟು ಇಟ್ಟವಳು.

ಆ ಪಟ್ಟಿ ಅವಳ ಹೆಸರಿನ ತನಕ ಬರಲೇ ಇಲ್ಲ. ಯಾವ ರ‍್ಯಾಂಕಿಗೂ ಸೇರದ ಇನ್ನೊಂದು ಕಾಲೇಜಿನಲ್ಲಿ ಓದಿ ಈಗ ಕರಿ ಕೋಟು ಹಾಕಿದ್ದಾಳೆ. ನಾನು ಮಾತ್ರ ಇವತ್ತಿಗೂ ಅಡ್ಡೆಯ ಮುಂದೆ ಹಾದುಹೋಗುವಾಗ ಅಲ್ಲಿ ನಿಂತವರ ಮುಖ ನೋಡುವುದಿಲ್ಲ. ಗುಂಪಿನಲ್ಲಿ ಬಿಳಿ ಅಂಗಿ ಕಂಡರೆ ಸೆರಗು ಎಳೆದುಕೊಂಡು ಬೇಗ ನಡೆಯುತ್ತೇನೆ.

ಆ ವರ್ಷ ಗೇಟಿನ ಮುಂದೆ ಮಳೆಯಲ್ಲಿ ನಿಂತೂ ನಿಂತೂ ಭರಮಪ್ಪನಿಗೆ ಜ್ವರ ಹಿಡಿದಿತ್ತು. ಡೆಂಗಿ ಎಂದರು. ದೊಡ್ಡಾಸ್ಪತ್ರೆಯಲ್ಲಿ ಮಗಳು ಹಾಸಿಗೆ ಬಿಟ್ಟು ಕದಲಲಿಲ್ಲ. ಕಡೇ ಪಟ್ಟಿಯ ದಿನ ಅವನು ಗ್ಲೂಕೋಸ್ ನಳಿಕೆ ಕೀಳಲು ಹೋದ. "ನೀವರ ಹೋಗಿ ನಿಂದರ‍್ರಿ ಅಮ್ಮಾರ," ಎಂದು ಗೋಗರೆದ. ಆಗಲಿ ಎಂದೆ, ಕಣ್ಣು ಮುಚ್ಚಿದ. ಸಾಯುವವನಿಗೆ ಸುಳ್ಳು ಹೇಳುವುದು ಬೇಡವೆಂದು ಬಸ್ಸು ಬದಲಾಯಿಸಿಕೊಂಡು ಹೋದೆ.

ಜಿನುಗು ಮಳೆ. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಮಧ್ಯಾಹ್ನ ವಾಚ್‌ಮನ್ ಬಂದು, "ಯಾರಮ್ಮಾ ನೀವು?" ಎಂದು ಕೇಳಿದ. ಭರಮಪ್ಪನ ಬದಲಿಗೆ ಬಂದಿದ್ದೇನೆ ಎಂದೆ.

"ಬದಲಿಗಾ? ಅವ್ರು ಬೆಳಗಿಂದ ಇಲ್ಲೇ ನಿಂತಿದ್ರಲ್ಲಮ್ಮಾ, ಅದೇ ಬಿಳಿ ಅಂಗೀಲಿ. ನೆನೀಬೇಡಿ, ಈಚೆ ಬನ್ನಿ ಅಂದ್ರೂ ಬರ್ಲಿಲ್ಲ. ಈಗ್ತಾನೆ ಎತ್ತಗೋ ಹೋದ್ರು."

ನಾನು ಅಲ್ಲಿ ಮತ್ತೆ ನಿಲ್ಲಲಿಲ್ಲ, ಬಂದ ಬಸ್ಸು ಹತ್ತಿದೆ.

ಆಸ್ಪತ್ರೆಗೆ ಬಂದಾಗ ಮಹಾನಂದಾ, "ನೀವು ಹೋದಾಗಿಂದ ಕಣ್ಣ ತಗದಿಲ್ಲ ಅಮ್ಮಾ," ಎಂದು ಅತ್ತಳು. ಮಂಚದ ಪಕ್ಕ ಕುಳಿತು ಅವನ ತಲೆ ನೇವರಿಸಿದೆ. ಕೂದಲು ತೊಯ್ದು ತೊಪ್ಪೆಯಾಗಿತ್ತು. ಜ್ವರದ ಬೆವರೆಂದು ನನಗೆ ನಾನೇ ಹೇಳಿಕೊಂಡೆ.

ಆಗ ಕಣ್ಣು ಬಿಟ್ಟ. ನನ್ನ ಗುರುತು ಹಿಡಿದ.

"ನಾ ಅಲ್ಲಿಂದ ಬಂದ ಮ್ಯಾಲೆ ಕರದ್ರೇನ್ರಿ ಅಮ್ಮಾರ?"